ಹಕ್ಕಿಗೆಂದು ಕಟ್ಟಿದ ಕೊಬ್ಬು

ಸೇಡಂ ರಸ್ತೆ, ಕಲಬುರಗಿ
30 ನವೆಂಬರ್ 2024, ಶನಿವಾರ

ಪ್ರೀತಿಯ ಗುಲ್ಶನ್,

ನಿನ್ನ ಮಗಳು ಸನಾ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ಐದರ ಬಸ್ಸು ತಪ್ಪುತ್ತದೆ ಅಂತ ಗೊಣಗುತ್ತಿದ್ದಾಳೆ. ನಿಲ್ಲಲಿ. ಮಾಳಿಗೆಯ ಕೋಣೆ ಕೊಡುವಾಗಲೇ ಹೇಳಿದ್ದೇನೆ, ವಾರಕ್ಕೊಮ್ಮೆ ಊರಿಗೆ ಹೋಗುವಾಗ ತಾಯಿಗೆ ಕಾಗದ ಒಯ್ಯುವುದು ಅವಳ ಕೆಲಸ ಅಂತ.

ನಿನ್ನ ಹೋದ ತಿಂಗಳ ಕಾಗದದಲ್ಲಿ ಒಂದೂ ತಪ್ಪಿರಲಿಲ್ಲ. ಕಮಲಾಪುರದ ಶಾಲೆಯಲ್ಲಿ ಬಿಸಿಯೂಟದ ಪಾತ್ರೆ ತೊಳೆದಿಟ್ಟು, ಅಡುಗೆ ಕೋಣೆಯ ನೆಲದ ಮೇಲೆ ಹಿಟ್ಟು ಹರಡಿ ನನ್ನ ಹತ್ತಿರ ಅಕ್ಷರ ತಿದ್ದಿದವಳು ನೀನೇನಾ ಅನ್ನಿಸಿತು. ನಾನು ನಿವೃತ್ತಳಾಗಿ ಇಲ್ಲಿಗೆ ಬರುವಾಗ ಹಾಕಿದ ಷರತ್ತು ಮರೆಯಬೇಡ. ಫೋನು ಹತ್ತು ಸಲ ಮಾಡು, ಆದರೆ ಕಾಗದ ತಪ್ಪಕೂಡದು.

ಈಗ ಒಂದು ಗುಟ್ಟಿನ ಕೆಲಸ. ಮೊನ್ನೆ ಸನಾ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದಳು. ಯಾವುದೋ ಹಿಮ ಬೀಳುವ ದೇಶ. ನನ್ನ ವಯಸ್ಸಿನ ಹೆಂಗಸು ಪ್ರಾಣಿಯ ಕೊಬ್ಬು ಕರಗಿಸಿ, ಕಾಳುಕಡಿ ಬೆರೆಸಿ, ಉಂಡೆ ಮಾಡಿ ಹಿತ್ತಲ ಮರಕ್ಕೆ ತೂಗುಹಾಕುತ್ತಾಳೆ. ಚಳಿಯಲ್ಲಿ ಹಕ್ಕಿಯ ಮೈ ಬೆಚ್ಚಗಿರಲು ಕೊಬ್ಬು ಬೇಕಂತೆ. ಎಂಥೆಂಥ ಹಕ್ಕಿಗಳು ಬಂದವು ಅಂತೀ! ನನ್ನ ಮಾಳಿಗೆಗೆ ಜೋಳದ ನುಚ್ಚು ತಿನ್ನಲು ಗುಬ್ಬಿ, ಪಾರಿವಾಳ ಬರುತ್ತವೆ. ಬೇವಿನ ಮರದಲ್ಲಿ ಕೂತ ಪಿಕಳಾರಗಳು ಮಾತ್ರ ನನ್ನ ನುಚ್ಚಿನ ಕಡೆ ತಿರುಗಿಯೂ ನೋಡುವುದಿಲ್ಲ. ನಾಲ್ಕು ವರ್ಷದಿಂದ ಕರೆಯುತ್ತಿದ್ದೇನೆ, ನನಗೆ ಸಿಟ್ಟು ಬಂದಿದೆ.

ನಿನ್ನ ತಮ್ಮ ನಬಿಸಾಬನ ಮಾಂಸದ ಅಂಗಡಿಯಿಂದ ಸ್ವಲ್ಪ ಕೊಬ್ಬು ಕಳಿಸುತ್ತೀಯಾ? ಯಾರಿಗೂ ತಿಳಿಯಬಾರದು. ನಮ್ಮದು ಲಿಂಗವಂತರ ಓಣಿ. ಪ್ರತಿ ಸೋಮವಾರ ಅಕ್ಕನ ಬಳಗ ಸೇರುವುದು ನನ್ನ ಪಡಸಾಲೆಯಲ್ಲೇ. ಪಕ್ಕದ ಮನೆಯ ಕಸ್ತೂರಿಬಾಯಿ ಮೊಟ್ಟೆಯ ಹೆಸರು ಕೇಳಿದರೇ ಮೂಗಿಗೆ ಸೆರಗು ಹಿಡಿಯುತ್ತಾರೆ. ನನ್ನ ಒಲೆಯ ಮೇಲಂತೂ ಅದನ್ನು ಇಡಲಾರೆ, ಸನಾಳ ಒಲೆ ಇದೆಯಲ್ಲ.

ಸನಾ ಬೇಡ ಅನ್ನುತ್ತಾಳೆ. “ಟೀಚರ್, ಅದು ಬರಫ್ ಬೀಳೋ ಊರಿಂದರಿ. ನಮ್ಮ ಬಿಸಲಾಗ ಏನ್ ನಿಂದರ್ತದರಿ?” ಅಂದಳು. ಮೊದಲು ಬಿ.ಎಡ್. ಮುಗಿಸು, ಆಮೇಲೆ ನನಗೆ ಪಾಠ ಹೇಳು ಅಂತ ಬಾಯಿ ಮುಚ್ಚಿಸಿದ್ದೇನೆ.

ನಿನ್ನ
ವಿಮಲಾಬಾಯಿ


ಕಮಲಾಪುರ
1 ಡಿಸೆಂಬರ್ 2024, ಐತವಾರ

ಟೀಚರ್‌ಗೆ ಗುಲ್ಶನ್ ಸಲಾಂ.

ನೀವು ಪುಸ್ತಕದ ಕನ್ನಡ ಬರೀತೀರಿ. ನಾ ಬಾಯಾಗ ಬಂದಂಗ ಬರೀತೀನಿ. ಹಂಗೇ ಬರಿ ಅಂತ ನೀವೇ ಹೇಳೀರಿ, ಈಗ ತಪ್ಪು ಹಿಡೀಬ್ಯಾಡ್ರಿ.

ನಿಮ್ಮ ಕಾಗದ ಓದಿ ನಕ್ಕು ನಕ್ಕು ಹೊಟ್ಟಿ ಹುಣ್ಣಾತು. ನಾ ಬುತ್ತ್ಯಾಗ ಮೊಟ್ಟಿ ತಂದ ದಿನ ನೀವು ನನ್ನ ಅಡಗಿ ಖೋಲಿ ಹೊಸ್ತಿಲಾ ದಾಟ್ತಿದ್ದಿಲ್ಲ. ಈಗ ಚರ್ಬಿ ಕಳಸು ಅಂತೀರಿ! ನಬಿಸಾಬಗ ಹೇಳಿದೆ. “ಯಾರಿಗೆ ಬೇಕು ಆಪಾ?” ಅಂದ. ಬುಲ್‌ಬುಲ್‌ಗೆ ಅಂದೆ. “ಬುಲ್‌ಬುಲ್ ಅಂದ್ರ ಯಾರ ಮನಿ ಸೊಸಿ?” ಅಂದ. ನೀವು ಪಿಕಳಾರ ಅಂತೀರಲ್ಲ, ಅದಕ್ಕ ನಾವು ಬುಲ್‌ಬುಲ್ ಅಂತೀವಿ.

ಆಡಿನ ಗುರ್ದಾ, ಅಂದ್ರ ಮೂತ್ರಪಿಂಡದ ಸುತ್ತ ಇರೋ ಚರ್ಬಿ ತಂದೀನಿ, ಅದೇ ಗಟ್ಟಿ. ಸಣ್ಣಗ ಹೆಚ್ಚಿ, ಸಣ್ಣ ಉರಿ ಮ್ಯಾಲ ಕರಗಿಸಿ, ಅರಿವ್ಯಾಗ ಸೋಸೀನಿ. ಆರಿದ ಮ್ಯಾಲ ಮತ್ತೊಮ್ಮಿ ಕರಗಿಸಿ ಸೋಸೀನಿ. ಎರಡು ಸಲ ಮಾಡಿದ್ರ ಗಟ್ಟಿ ನಿಂದರ್ತದ, ವಾಸನಿನೂ ಕಡಿಮಿ ಆಗ್ತದ. ಮೇಣಬತ್ತಿಯಂಗ ಬೆಳ್ಳಗ ಆಗ್ಯಾದ. ಸ್ಟೀಲ ಡಬ್ಬಿಗೆ ಹಾಕಿ ಮ್ಯಾಲ ನಮ್ಮೂರ ಕೆಂಪ ಬಾಳಿಹಣ್ಣ ಇಟ್ಟೀನಿ. ಬಸ್ಸಿನಾಗ ಯಾರರ ಚೀಲ ಇಣಕಿದ್ರ ಹಣ್ಣೇ ಕಾಣಬೇಕು.

ನೀವು ಮತ್ತ ಸಣ್ಣ ಉರಿ ಮ್ಯಾಲ ಕರಗಿಸಿ, ಜ್ವಾಳದ ನುಚ್ಚು, ಸಜ್ಜಿ, ಶೇಂಗಾ ಪುಡಿ ಕಲಸ್ರಿ. ಉಪ್ಪು ಹಾಕಬ್ಯಾಡ್ರಿ. ತೆಂಗಿನ ಚಿಪ್ಪಿನಾಗ ಒತ್ತಿ ಆರಾಕ ಬಿಡ್ರಿ. ನೆಳ್ಳಾಗ ಕಟ್ರಿ, ಬಿಸಲಾಗ ಬ್ಯಾಡ.

ಫೆಬ್ರವರಿಯಾಗ ಸನಾ ಸಾಲಿಗೆ ಹೋಗಿ ಪಾಠ ಹೇಳೋ ತರಬೇತಿ ಅದ ಅಂತ. ಅದೊಂದು ಮುಗಿದ್ರ ಬಿ.ಎಡ್. ಮುಗದಂಗ. ಆಕಿ ಅಪ್ಪ ಸಲಾವುದ್ದೀನ್ ಮಹಾಗಾಂವಕ್ಕ ಟೆಂಪೋ ಹೊಡಿಯೋ ಮುಂದ ಹತ್ತಿದೋರಿಗೆಲ್ಲ ಹೇಳ್ಕೊಂತ ಹೊಂಟಾರ, “ನಮ್ಮ ಸನಾ ಟೀಚರ್ ಆಗ್ತಾಳ, ವಿಮಲಾಬಾಯಿ ಟೀಚರ್ ಮನ್ಯಾಗ ಅದಾಳ” ಅಂತ. ಶಹರದಾಗ ಬ್ಯಾರೆ ಯಾರ ಮನ್ಯಾಗೂ ಅವರು ಮಗಳನ್ನ ಬಿಡ್ತಿದ್ದಿಲ್ಲ. ನಿಮ್ಮ ಮ್ಯಾಲಿನ ಭರೋಸಾಕ್ಕ ಬಿಟ್ಟಾರ.

ಗುಲ್ಶನ್


ಕಲಬುರಗಿ
21 ಡಿಸೆಂಬರ್ 2024, ಶನಿವಾರ

ಪ್ರೀತಿಯ ಗುಲ್ಶನ್,

ಬಂದವು! ಜೋಡಿ ಪಿಕಳಾರ, ತಲೆಯ ಮೇಲೆ ಕಪ್ಪು ಜುಟ್ಟು, ಬಾಲದ ಬುಡದಲ್ಲಿ ಕುಂಕುಮ. ಮೊದಲ ವಾರ ಬರೀ ಕಾಗೆ. ಆಮೇಲೆ ಒಂದು ಗೊರವಂಕ ಬಂದು ಚಿಪ್ಪನ್ನು ಸುತ್ತಿ ಸುತ್ತಿ ನೋಡಿ ಬೈದು ಹೋಯಿತು. ನಿನ್ನೆ ಬೆಳಿಗ್ಗೆ ಇವೆರಡೂ ಬಂದು ಚಿಪ್ಪಿನ ಅಂಚಿಗೆ ಕಾಲು ಕೊಟ್ಟು ಕುಕ್ಕಿ ಕುಕ್ಕಿ ತಿಂದವು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ. ಚಹಾ ಆರಿ ನೀರಾಯಿತು.

ಬೈಯುವುದಿಲ್ಲ ಅಂದರೆ ಒಂದು ವಿಷಯ ಹೇಳುತ್ತೇನೆ. ನೀನು ಎರಡು ಸಲ ಸೋಸಿದ್ದರೂ ಡಬ್ಬಿ ತೆರೆದ ಕೂಡಲೇ ಆಡು ಬಂದು ನನ್ನ ಮೂಗಿನ ಮುಂದೆ ನಿಂತಿತು. ತಡೆಯಲಾಗಲಿಲ್ಲ. ಎರಡು ಸೌಟು ಶೇಂಗಾ ಎಣ್ಣೆ ಸುರಿದು, ಹತ್ತು ಏಲಕ್ಕಿ ಕುಟ್ಟಿ ಹಾಕಿಬಿಟ್ಟೆ. ಸನಾ ಹಣೆ ಬಡಿದುಕೊಂಡಳು. “ಹಕ್ಕಿಗೆ ಶೀರಾ ಮಾಡಾಕತ್ತೀರೇನ್ರಿ ಟೀಚರ್?” ಅಂದಳು.

ಸೋಮವಾರ ಬಳಗದಲ್ಲಿ ಕಸ್ತೂರಿಬಾಯಿ ನನ್ನ ಕೈ ಹಿಡಿದು, “ಏನ್ ಘಮ್ಮಂತಾವರಿ ನಿಮ್ಮ ಕೈ, ಏನ್ ಮಾಡಿದ್ರಿ?” ಅಂತ ಕೇಳಿದರು. ಶೀರಾ ಅಂದೆ. ಸನಾ ಮೆಟ್ಟಿಲ ಮೇಲೆ ನಿಂತು ಬಾಯಿಗೆ ದುಪಟ್ಟಾ ಒತ್ತಿಕೊಂಡು ನಕ್ಕಳು. ನಾನೂ ರಾತ್ರಿಯ ಊಟದವರೆಗೆ ನಗುತ್ತಲೇ ಇದ್ದೆ.

ಮೊದಲು ನೆರಳಲ್ಲೇ ಕಟ್ಟಿದ್ದೆ. ಅಲ್ಲಿ ಕಟ್ಟಿದರೆ ನನ್ನ ಕುರ್ಚಿಗೆ ಕಾಣುವುದಿಲ್ಲ. ಕಸ್ತೂರಿಬಾಯಿಯ ಅಂಗಳದ ಕಡೆಗೆ ಗೋಡೆಯಿಂದ ಒಂದು ಕಬ್ಬಿಣದ ಸರಳು ಚಾಚಿದೆ, ಈಗ ಅಲ್ಲಿಗೆ ಬದಲಿಸಿದ್ದೇನೆ. ಇನ್ನೂ ಎರಡು ಚಿಪ್ಪು ತುಂಬಿಟ್ಟಿದ್ದೇನೆ. ಬಿಸಿಲು ಬೀಳುತ್ತದೆ ಅಂತ ನಿನ್ನ ಮಗಳು ಒಂದೇ ಸಮ ಹೇಳುತ್ತಾಳೆ. ಡಿಸೆಂಬರ್ ಬಿಸಿಲು, ಏನಾಗುತ್ತದೆ?

ಕೆಳಗೆ ಕಸ್ತೂರಿಬಾಯಿ ಎಳ್ಳಮವಾಸ್ಯೆಯ ಸಜ್ಜೆ ರೊಟ್ಟಿ ಬಡಿಯಲು ಶುರುಮಾಡಿದ್ದಾರೆ. ಶರಣಸಿರಸಗಿಯ ಹೊಲಕ್ಕೆ ಒಯ್ಯಲು ಅರವತ್ತು ರೊಟ್ಟಿ ಬೇಕಂತೆ. ಟಪಟಪ ಸದ್ದು ಇಲ್ಲಿಯವರೆಗೆ ಕೇಳುತ್ತಿದೆ.

ವಿಮಲಾಬಾಯಿ


ಕಮಲಾಪುರ
22 ಡಿಸೆಂಬರ್ 2024

ಟೀಚರ್,

ಎಣ್ಣಿ ಯಾಕ ಹಾಕಿದ್ರಿ! ಅಯ್ಯೋ ಅಲ್ಲಾ! ಎರಡು ಸಲ ಸೋಸಿ ಗಟ್ಟಿ ಮಾಡಿ ಕಳಸಿದ್ನೆಲ್ಲ. ಎಣ್ಣಿ ಬಿದ್ದ ಚರ್ಬಿ ಬಿಸಲಿಗೆ ನಿಂದರಂಗಿಲ್ಲ, ಕರಗಿ ಸೋರ್ತದ. ಕೆಳಗ ಅವರ ಹಬ್ಬದ ಅಡಗಿ ನಡದದ ಅಂತೀರಿ, ಮ್ಯಾಲ ಇದನ್ನ ಕಟ್ಟೀರಿ. ಈ ಕಾಗದ ಮುಟ್ಟಿದ ಕೂಡ್ಲೇ ಇಳಸ್ರಿ, ನಾಳಿ ಅನಬ್ಯಾಡ್ರಿ.

ಸನಾ ಬಂದು ಹೇಳಿದ್ಲು, “ನನ್ನ ಮಾತು ಟೀಚರ್ ಕೇಳಂಗಿಲ್ಲ ಅಮ್ಮೀ, ನೀನರ ಬರಿ.” ಅದಕ್ಕ ಬರದೀನಿ. ನಿಮಗ ಬುದ್ಧಿ ಹೇಳೋವಷ್ಟು ದೊಡ್ಡಾಕಿ ಅಲ್ಲ ನಾ. ಆದ್ರ ಚರ್ಬಿ ವಿಷಯದಾಗ ನಾನೇ ಟೀಚರ್, ನೀವು ಹುಡುಗಿ.

ಗುಲ್ಶನ್


ಕಲಬುರಗಿ
27 ಡಿಸೆಂಬರ್ 2024, ಶುಕ್ರವಾರ

ಗುಲ್ಶನ್,

ನಿನ್ನೆ ಒಂದು ಅಹಿತಕರ ಘಟನೆ ನಡೆಯಿತು. ಮಾಳಿಗೆಯ ಮೇಲಿದ್ದ ಚಿಪ್ಪಿನಿಂದ ಕೊಬ್ಬು ಕರಗಿ, ಕಸ್ತೂರಿಬಾಯಿಯವರು ಅಂಗಳದಲ್ಲಿ ಒಣಹಾಕಿದ್ದ ರೊಟ್ಟಿಗಳ ಮೇಲೆ ಸುರಿಯಿತು. ಭೂಮಿತಾಯಿಗೆ ಚರಗ ಚೆಲ್ಲುವ ಹಬ್ಬದ ರೊಟ್ಟಿ ಎಂದರೆ ಎಷ್ಟು ಮಡಿಯ ವಸ್ತು ಎಂದು ನಿನಗೂ ಗೊತ್ತಿದೆ. ಓಣಿಯವರೆಲ್ಲ ಸೇರಿದರು. ಬಹಳ ಮಾತುಗಳಾದವು.

ನಿನ್ನ ಕಾಗದ ಬಂದ ದಿನವೇ ನಾನು ನನ್ನ ಚಿಪ್ಪನ್ನು ಇಳಿಸಿದ್ದೆ. ಉಳಿದಿದ್ದನ್ನು ಸನಾ ಮತ್ತೆ ಅದೇ ಜಾಗದಲ್ಲಿ ಕಟ್ಟಿದ್ದಳೆಂದು ತೋರುತ್ತದೆ. ಹುಡುಗಿ, ತಿಳಿಯದೆ ಆದದ್ದು ಎಂದು ನಾನು ಎಲ್ಲರನ್ನೂ ಸಮಾಧಾನ ಮಾಡಿದ್ದೇನೆ.

ಸದ್ಯ ಓಣಿಯ ವಾತಾವರಣ ಸರಿಯಿಲ್ಲ. ಕೆಲವು ದಿನ ಅವಳು ನಿಮ್ಮ ಹತ್ತಿರ ಇರುವುದು ಒಳ್ಳೆಯದು. ಅವಳಿಗೇ ಈ ಲಕೋಟೆ ಕೊಟ್ಟು ಕಳಿಸುತ್ತಿದ್ದೇನೆ.

ವಿಮಲಾಬಾಯಿ


ಕಮಲಾಪುರ
2 ಜನವರಿ 2025

ಟೀಚರ್‌ಗೆ ಗುಲ್ಶನ್ ಮಾಡೋ ಸಲಾಂ.

ನಾಕು ಸಲ ಫೋನ್ ಹಚ್ಚಿದೆ, ನೀವು ಎತ್ತಲಿಲ್ಲ. ಸಿಟ್ಟಿನಾಗ ಇದ್ದೀರಿ ಅಂತ ತಿಳ್ಕೊಂಡೆ. ಸಿಟ್ಟು ಬರೋದೇ ಅದ.

ಹತ್ತು ವರ್ಷದಾಗ ನಿಮ್ಮ ಕಾಗದಕ್ಕ ಯಾವತ್ತೂ ಅಂಟು ಹಚ್ಚಿದ್ದಿಲ್ಲ. ಅಂಟು ನೋಡಿದ ಕೂಡ್ಲೇ ಏನೋ ಆಗ್ಯಾದ ಅಂತ ತಿಳೀತು. ಓದಿದ ಮ್ಯಾಲ ಆಕಿನ್ನ ಕುಂದ್ರಿಸಿ ಕೇಳಿದೆ. “ಹೌದು ಅಮ್ಮೀ, ನಾನೇ ಕಟ್ಟಿದೆ” ಅಂದ್ಲು. ಅಷ್ಟೇ. ಹೇಳಬೇಕಾದಂಗ ನಾ ಆಕಿಗೆ ಹೇಳೀನಿ. ಇನ್ನ ನೀವೇನೂ ಅನಬ್ಯಾಡ್ರಿ.

ನಮ್ಮಿಂದ ನಿಮ್ಮ ಮಾನ ಹೋತು. ಓಣ್ಯಾಗ ನೀವು ಎಷ್ಟು ಮಾತು ಕೇಳೀರೋ ಏನೋ. “ಅಂಥೋರನ್ನ ಯಾಕ ಇಟ್ಕೊಂಡ್ರಿ” ಅಂತ ಅಂದಿರ್ತಾರ, ನನಗ ಗೊತ್ತದ. ನಿಮ್ಮ ಮನಿ ಉಪ್ಪು ತಿಂದು ನಿಮಗೇ ಹಿಂಗ ಮಾಡಿದ್ಲು. ನನಗ ಮಾರಿ ತೋರ್ಸಾಕ ನಾಚಿಕಿ ಆಗ್ಯಾದ.

ಕಸ್ತೂರಿಬಾಯೋರಿಗೆ ರೊಟ್ಟಿ ಬಡದು ಕಳಸಬೇಕಂತ ಮಾಡಿದ್ದೆ. ನಮ್ಮ ಕೈ ರೊಟ್ಟಿ ಅವರು ತಿನ್ನಂಗಿಲ್ಲ. ಅದಕ್ಕ ಐದು ಶೇರು ಸಜ್ಜಿ ಹಸನ ಮಾಡಿ ಬಸ್ಸಿನಾಗ ಕಳಸೀನಿ. ಕಾಳಿಗೆ ಮೈಲಿಗಿ ಇಲ್ಲಲ್ರಿ? ಬೀಸ್ಕೊಂಡ್ರ ನಡೀತದಲ್ಲ? ಹಬ್ಬ ಮುಗದು ಹೋತು, ಆದ್ರೂ ಮುಟ್ಟಿಸ್ರಿ. ಗುಲ್ಶನ್ ಕೈ ಮುಗದಾಳ ಅಂತ ಹೇಳ್ರಿ.

ನಿನ್ನಿ ಉಣ್ಣೋ ಮುಂದ ಸಲಾವುದ್ದೀನ್ ಅಂದ್ರು, “ಓದಿದ್ದು ಸಾಕು. ಟೀಚರ್ ಮನ್ಯಾಗೇ ಮಾನ ಉಳಿಸಿಕೊಳ್ಳದಾಕಿ ಬ್ಯಾರೆ ಎಲ್ಲಿ ಉಳಿಸಿಕೊಂಡಾಳ?” ಸನಾ ತಾಟು ತೊಳದಿಟ್ಟು ಒಳಗ ಹೋದ್ಲು. ಆಕಿ ಪುಸ್ತಕ, ಹಾಸಿಗಿ ಯಾರರ ಈ ಕಡೆ ಬರೋರ ಕೈಲಿ ಕಳಸ್ರಿ.

ಗುಲ್ಶನ್


ಕಲಬುರಗಿ
8 ಜನವರಿ 2025

ಗುಲ್ಶನ್,

ಕಾಗದ ತಲುಪಿತು. ಸಜ್ಜೆಯೂ ತಲುಪಿತು, ಕಸ್ತೂರಿಬಾಯಿಯವರಿಗೆ ಮುಟ್ಟಿಸಿದ್ದೇನೆ. ಆದದ್ದಾಯಿತು, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನನಗೆ ಯಾರ ಮೇಲೂ ಸಿಟ್ಟಿಲ್ಲ. ಸನಾಳನ್ನು ಬೈಯಬೇಡ.

ಪುಸ್ತಕಗಳನ್ನು ಹುರಿಯಿಂದ ಕಟ್ಟಿ ಕಮಲಾಪುರದ ಬಸ್ಸಿಗೆ ಹಾಕಿಸಿದ್ದೇನೆ. ಹಾಸಿಗೆ ಇಲ್ಲೇ ಇರಲಿ. ಇಲ್ಲಿ ಚಳಿ ಹೆಚ್ಚಾಗಿದೆ, ನನ್ನ ಮೊಣಕಾಲು ನೋಯುತ್ತಿದೆ, ಅದಕ್ಕೇ ಫೋನು ಎತ್ತಲಾಗಲಿಲ್ಲ.

ವಿಮಲಾಬಾಯಿ


ಕಮಲಾಪುರ
19 ಜನವರಿ 2025, ಐತವಾರ

ಟೀಚರ್,

ಒಂದು ಬೇಡ್ಕೋತೀನಿ. ಮತ್ತೇನೂ ಬೇಡಂಗಿಲ್ಲ.

ಫೆಬ್ರವರಿ ಹತ್ತನೇ ತಾರೀಖಿಗೆ ಪಾಠ ಹೇಳೋ ತರಬೇತಿ ಶುರು. ಅವತ್ತು ಹೋಗಲಿಲ್ಲಂದ್ರ ಈ ವರ್ಷ ಹೋತು. ಆಕಿ ಗೆಳತಿ ಮದಿಹಾ ಫೋನ್ ಮಾಡಿ ಮಾಡಿ ಸಾಕಾಗ್ಯಾಳ. ಸನಾ ಅಪ್ಪನ ಮುಂದ ತಕರಾರು ಮಾಡಂಗಿಲ್ಲ. ನಸುಕಿನಾಗ ಎದ್ದು ಪಾಠದ ಚಾರ್ಟ್ ಬರೀತಾಳ, ಬರದು ಹಾಸಿಗಿ ಕೆಳಗ ಇಡ್ತಾಳ.

ಸಲಾವುದ್ದೀನ್ ಯಾರ ಮಾತೂ ಕೇಳವಲ್ರು. ನಿಮ್ಮ ಮಾತು ಕೇಳ್ತಾರ. ನೀವು ಅವರಿಗೆ ನಾಕು ಸಾಲು ಬರೀರಿ, “ಸನಾ ಒಳ್ಳೆ ಹುಡುಗಿ, ಒಂದು ತಪ್ಪಾತು, ಮಾಫ್ ಮಾಡೀನಿ” ಅಂತ. ಅವರಿಗೆ ಕನ್ನಡ ಓದಾಕ ಬರಂಗಿಲ್ಲ, ನಾ ಓದಿ ಹೇಳ್ತೀನಿ. ನಿಮ್ಮ ಕೈ ಅಕ್ಷರ ನೋಡಿದ್ರ ಸಾಕು ಅವರಿಗೆ.

ಗುಲ್ಶನ್


ಕಲಬುರಗಿ
28 ಜನವರಿ 2025, ಮಂಗಳವಾರ

ಗುಲ್ಶನ್,

ಆ ನಾಲ್ಕು ಸಾಲು ನನ್ನಿಂದ ಬರೆಯಲಾಗಲಿಲ್ಲ. ಐದು ದಿನ ಕೂತೆ. ‘ಸನಾ ಒಳ್ಳೆಯ ಹುಡುಗಿ’ ಅಂತ ಬರೆದು ಮುಂದೆ ‘ಮಾಫ್ ಮಾಡೀನಿ’ ಅನ್ನುವಲ್ಲಿ ಕೈ ನಿಂತುಬಿಡುತ್ತಿತ್ತು. ನಾನು ಅವಳನ್ನು ಮಾಫ್ ಮಾಡುವವಳೇ?

ಚಿಪ್ಪು ಕಟ್ಟಿದ್ದು ನಾನು. ‘ಇಳಸ್ರಿ’ ಅಂತ ನೀನು ಬರೆದ ಕಾಗದ ಸೋಮವಾರ ಬೆಳಿಗ್ಗೆ ಸನಾಳ ಕೈಯಿಂದಲೇ ಬಂತು. ಓದಿ, ನಕ್ಕು, ನಾಳೆ ಇಳಿಸಿದರಾಯಿತು ಅಂತ ಮಡಚಿಟ್ಟೆ. ಮಂಗಳವಾರ ಪಿಕಳಾರದ ಜೊತೆ ಇನ್ನೊಂದು ಜೋಡಿ ಬಂತು. ಬುಧವಾರವೂ ಬಂತು. ಇಳಿಸಲು ಮನಸ್ಸೇ ಆಗಲಿಲ್ಲ. ಸನಾ ಅದನ್ನು ಮುಟ್ಟಿಯೂ ಇರಲಿಲ್ಲ. ಇಳಿಸಿದ್ದೆ ಎಂದು ನಿನಗೆ ಬರೆದದ್ದು ಸುಳ್ಳು.

ಗುರುವಾರ ಮಧ್ಯಾಹ್ನ ಕೂಗು ಕೇಳಿ ಕೆಳಗೆ ಹೋದೆ. ಕಸ್ತೂರಿಬಾಯಿಯ ರೊಟ್ಟಿಗಳನ್ನು ನೆರಳಿಗೆ ಎತ್ತಿಟ್ಟಿದ್ದರು, ಮೇಲೆ ಬಿದ್ದ ಹನಿಗಳು ಬೆಳ್ಳಗೆ ಹೆಪ್ಪುಗಟ್ಟಿದ್ದವು. ಅವರ ಅತ್ತೆಗೆ ಎಂಬತ್ತು ದಾಟಿದೆ, ಪೂಜೆಯಾಗದೆ ಬಾಯಿಗೆ ನೀರು ಹಾಕದ ಮುದುಕಿ. ಒಂದು ಚೂರು ಮುರಿದು ಆಗಲೇ ತಿಂದುಬಿಟ್ಟಿದ್ದರು. “ಏನ್ ಘಮ್ಮಂತದವ್ವಾ, ರೊಟ್ಟಿಗಿ ಏಲಕ್ಕಿ ಹಾಕೀರೇನ?” ಅಂತ ಸೊಸೆಯನ್ನು ಕೇಳುತ್ತಿದ್ದರು. ಕಸ್ತೂರಿಬಾಯಿ ಮೇಲೆ ನೋಡಿದರು, ಸರಳಿನಿಂದ ಇನ್ನೂ ಹನಿಯುತ್ತಿತ್ತು.

“ಟೀಚರ್, ಇದೇನ್ರಿ?” ಅಂದರು.

ಬಳಗದ ಏಳು ಹೆಂಗಸರು ಅಲ್ಲಿದ್ದರು. ಅದೇ ಹೊತ್ತಿಗೆ ಸನಾ ಕಾಲೇಜಿನಿಂದ ಬಂದು ಗೇಟಿನ ಹತ್ತಿರ ನಿಂತಳು, ಹೆಗಲಲ್ಲಿ ಚೀಲ. ನನ್ನದು ಎಂದು ಹೇಳಲಿಕ್ಕೇ ನಾನು ಬಾಯಿ ತೆರೆದೆ ಎಂದು ಇಷ್ಟು ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಹೊರಗೆ ಬಂದ ಮಾತು ಬೇರೆ. “ಮ್ಯಾಲಿನ ಹುಡುಗಿ ಏನರ ಇಟ್ಟಿರಬೇಕ್ರಿ. ಅವರಿಗೆ ನಮ್ಮ ಆಚಾರ ಏನ್ ಗೊತ್ತು” ಅಂದೆ.

‘ಅವರಿಗೆ’ ಅಂದೆ, ಗುಲ್ಶನ್. ನಿನ್ನ ಕೈಯ ಅನ್ನವನ್ನು ನನ್ನ ತರಗತಿಯ ಮಕ್ಕಳಿಗೆ ಹತ್ತು ವರ್ಷ ಬಡಿಸಿದವಳು ನಾನು. ಸನಾ ನನ್ನ ಮುಖ ನೋಡಿದಳು. ನಾನು ಬೇವಿನ ಮರ ನೋಡಿದೆ. “ಹೌದೇನವ್ವಾ?” ಅಂತ ಕಸ್ತೂರಿಬಾಯಿ ಕೇಳಿದ್ದಕ್ಕೆ ಅವಳು “ತಪ್ಪಾತ್ರಿ ಆಂಟಿ” ಅಂದಳು. ಮರುದಿನ ಅವಳ ಮೇಲಿನ ಸುಳ್ಳನ್ನು ಬರೆದು, ಅಂಟು ಹಚ್ಚಿ, ಅವಳ ಕೈಗೇ ಕೊಟ್ಟೆ. ಬಸ್‌ಸ್ಟ್ಯಾಂಡಿನವರೆಗೂ ಹೋಗಲಿಲ್ಲ. ಮೊಣಕಾಲು ನೋವು ಎಂದದ್ದೂ ಸುಳ್ಳು.

ಮಂಗ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತು ಅನ್ನುವ ಗಾದೆಯನ್ನು ಮೂವತ್ತು ವರ್ಷ ಏಳನೇ ತರಗತಿಗೆ ವಿವರಿಸಿದ್ದೇನೆ. ಮಕ್ಕಳು ನಗುತ್ತಿದ್ದರು.

ನೀನು ಕಳಿಸಿದ ಸಜ್ಜೆಯನ್ನು ನಾನು ಮುಟ್ಟಿಸಿರಲಿಲ್ಲ. ಯಾವ ಮುಖದಿಂದ ಮುಟ್ಟಿಸಲಿ? ಅದು ನನ್ನ ಅಡುಗೆಮನೆಯ ಮೂಲೆಯಲ್ಲಿತ್ತು. ಕಲ್ಲು ಆರಿಸಿ, ಕೇರಿ, ಬೆಳ್ಳಗಿನ ಬಟ್ಟೆಯಲ್ಲಿ ಕಟ್ಟಿ ಕಳಿಸಿದ್ದೀ. ದಿನಾ ಅದರ ಮುಂದೆ ಹಾದು ಒಲೆ ಹಚ್ಚಬೇಕಾಗಿತ್ತು.

ನಿನ್ನೆ ಸೋಮವಾರ. ಬಳಗದವರೆಲ್ಲ ಬಂದು ಕೂತ ಮೇಲೆ ಗಂಟನ್ನು ತಂದು ಕಸ್ತೂರಿಬಾಯಿಯ ಮುಂದಿಟ್ಟು ಎಲ್ಲ ಹೇಳಿದೆ. ಕೊಬ್ಬು ಯಾರು ತರಿಸಿದ್ದು, ಯಾರು ಕಲಸಿದ್ದು, ಸೋಮವಾರದ ಘಮ ಯಾವ ಶೀರಾದ್ದು, ಎಲ್ಲ. ಮಧ್ಯೆ ಎರಡು ಸಲ ನೀರು ಕುಡಿದೆ. ಒಬ್ಬರು ಎದ್ದು ಚಪ್ಪಲಿ ಹಾಕಿಕೊಂಡು ಹೋದರು. ಕಸ್ತೂರಿಬಾಯಿ ರೊಟ್ಟಿಯ ಮಾತೇ ಎತ್ತಲಿಲ್ಲ. “ಮರುದಿನ ಆ ಹುಡುಗಿ ನಮ್ಮ ಬಾಗಿಲಿಗೆ ಬಂದಿದ್ಲರಿ, ಹೋಗಿ ಬರ್ತೀನಿ ಆಂಟಿ ಅನ್ನಾಕ. ಆಕಿ ಮಾರಿ ಮ್ಯಾಲೇ ಬಾಗಿಲಾ ಹಾಕೀನಿ. ಈಗ ಆ ಪಾಪಾನೂ ನನ್ನ ತಲಿಗೆ ಕಟ್ಟಿದ್ರೆಲ್ಲ ಟೀಚರ್” ಅಂದರು. ಅಳುತ್ತಿದ್ದರು. ಗಂಟನ್ನು ಎತ್ತಿಕೊಂಡು ಹೋದರು. ಮುಂದಿನ ಸೋಮವಾರದಿಂದ ಬಳಗ ನನ್ನ ಮನೆಯಲ್ಲಿ ಸೇರುವುದಿಲ್ಲ. ಅದು ಸರಿಯೇ.

ಸಲಾವುದ್ದೀನ್ ಭಾಯಿಗೆ ಬೇರೆ ಕಾಗದ ಇಟ್ಟಿದ್ದೇನೆ. ಅದರಲ್ಲಿ ಸನಾಳ ಗುಣದ ಬಗ್ಗೆ ಒಂದು ಸಾಲೂ ಇಲ್ಲ, ನನ್ನ ಗುಣದ ಬಗ್ಗೆ ಇದೆ. ಅದನ್ನು ನೀನೇ ಅವರಿಗೆ ಓದಿ ಹೇಳಬೇಕು. ಆ ಕೆಲಸವನ್ನೂ ನಿನ್ನ ತಲೆಗೆ ಹಾಕುತ್ತಿದ್ದೇನೆ. ಯಾವ ಅಕ್ಷರವನ್ನೂ ಬಿಡಬೇಡ.

ನನಗೆ ಬಹಳ ನಾಚಿಕೆಯಾಗಿದೆ, ಗುಲ್ಶನ್. ಒಮ್ಮೆ ಬಂದು ನಿಮ್ಮೆಲ್ಲರ ಮುಂದೆ ಇದನ್ನೇ ಬಾಯಿಂದ ಹೇಳಬೇಕು. ಬರಲೋ ಬೇಡವೋ, ನೀನು ಹೇಳು.

ವಿಮಲಾಬಾಯಿ


ಕಮಲಾಪುರ
1 ಫೆಬ್ರವರಿ 2025

ಟೀಚರ್,

ನಿಮ್ಮ ಕಾಗದ ಗುರುವಾರ ಬಂತು. ಸಲಾವುದ್ದೀನ್‌ದು ಅವರಿಗೆ ಓದಿ ಹೇಳಿದೆ. ಒಂದು ಅಕ್ಷರಾನೂ ಬಿಡಲಿಲ್ಲ. ನಡುವ ಅವರೇ ನನಗ ನೀರು ತಂದು ಕೊಟ್ರು. ಉಣಲಾರದೇ ಟೆಂಪೋ ತಗೊಂಡು ಹೋದ್ರು. ಸಂಜಿಗೆ ಬಂದು ಸನಾನ ಹತ್ತಿರ ಕುಂತು, “ಹತ್ತನೇ ತಾರೀಖಿಗೆ ನಾನೇ ಸಾಲಿಗೆ ಬಿಡ್ತೀನಿ” ಅಂದ್ರು. ಆಕಿ ಹೂಂ ಅಂದ್ಲು. ನಿಮ್ಮ ಮನಿಗೆ ಬರಂಗಿಲ್ಲ. ಮದಿಹಾನ ಖೋಲ್ಯಾಗ ಇರ್ತಾಳಂತ. ನಾ ಹೋಗು ಅನ್ನಂಗಿಲ್ಲ, ಬ್ಯಾಡ ಅನ್ನಂಗಿಲ್ಲ.

“ಯಾಕ ಸುಮ್ಮಕಿದ್ದಿ?” ಅಂತ ಕೇಳಿದೆ ಆಕಿಗೆ. “ಟೀಚರ್ ಅದೇ ಓಣ್ಯಾಗ ಬಾಳೇವು ಮಾಡಬೇಕು ಅಮ್ಮೀ, ನಾ ಹೆಂಗೂ ಹೋಗಾಕಿ” ಅಂದ್ಲು. ನಿಮ್ಮ ಮ್ಯಾಲ ನನಗ ಸಿಟ್ಟದ. ಸುಳ್ಯಾಕ ಹೇಳ್ಲಿ, ಭಾಳ ಸಿಟ್ಟದ. ‘ಅವರಿಗೆ’ ಅಂದ್ರೆಲ್ಲ, ಅದು ಎದ್ಯಾಗ ಮುಳ್ಳು ಮುರದಂಗ ಆಗ್ಯಾದ.

ಆದ್ರ ನಾನೂ ನಿಮಗ ಒಂದು ಮುಚ್ಚಿಟ್ಟೀನಿ. ಹೇಳಬೇಕಾದಂಗ ಹೇಳೀನಿ ಅಂತ ಬರದಿದ್ನೆಲ್ಲ, ಬಾಯಲೆ ಹೇಳಿದ್ದಲ್ಲ ಅದು. ನಿಮ್ಮ ಲಕೋಟಿ ಓದಿ ಕೇಳಿದಾಗ ಆಕಿ ಮೊದಲಿಗೆ “ನಾನಲ್ಲ ಅಮ್ಮೀ” ಅಂದಿದ್ಲು. ಒಂದೇ ಸಲ ಅಂದ್ಲು. ನಾ ಆಕಿ ಕಪಾಳಕ್ಕ ಬಾರಿಸಿದೆ. “ಟೀಚರ್ ಸುಳ್ಳು ಬರಿಯಂಗಿಲ್ಲ” ಅಂತ ಅನಕೊಂತ ಬಾರಿಸಿದೆ. ಆಮ್ಯಾಲ ಆಕಿ “ಹೌದು, ನಾನೇ” ಅಂದದ್ದು. ಇಪ್ಪತ್ಮೂರು ವರ್ಷದಾಕಿ. ಹುಟ್ಟಿದಾಗಿಂದ ಒಂದು ದಿನ ಕೈ ಎತ್ತಿದ್ದಿಲ್ಲ ನಾ.

ಸುಳ್ಳು ನಿಮ್ಮದು ಟೀಚರ್. ಕೈ ನಂದು.

ಎರಡು ದಿನ ಆತು, ಆಕಿ ಮುಂದ ನಿಂತು ತಪ್ಪಾತು ಅನ್ನಾಕ ನನಗ ಆಗವಲ್ದು. ರೊಟ್ಟಿ ಹಾಕೋ ಮುಂದ ಬಾಯಿ ತನಕ ಬರ್ತದ, ಅಲ್ಲೇ ನಿಂದರ್ತದ. “ಇನ್ನೊಂದು ಹಾಕಲೇನು?” ಅಂತ ಕೇಳಿ ಹೊಳ್ಳಿ ಬರ್ತೀನಿ. ನೀವು ಅಷ್ಟು ಮಂದಿ ಮುಂದ ಹೆಂಗ ಹೇಳಿದ್ರೋ ನನಗ ತಿಳೀವಲ್ದು.

ನಾಳಿನ ಐತವಾರ ಬಿಟ್ಟು ಮುಂದಿನ ಐತವಾರ, ಒಂಬತ್ತನೇ ತಾರೀಖು, ಬರ್ರಿ. ನನ್ನ ಮಾಫಿ ಕೇಳಾಕ ಬರಬ್ಯಾಡ್ರಿ, ಅದು ಆಮ್ಯಾಲ ನೋಡೋಣ. ಆಕಿ ಮುಂದ ನಿಂದ್ರಾಕ ಬರ್ರಿ. ಮೊದಲ ನೀವು ಅನ್ರಿ, ಹಿಂದಿಂದ ನಾ ಅಂತೀನಿ. ಒಬ್ಬಾಕಿಗೆ ಧೈರ್ಯ ಸಾಲವಲ್ದು.

ಹತ್ತರ ಬಸ್ಸಿಗೆ ಹತ್ರಿ. ಅವತ್ತು ಆಕಿ ಮನ್ಯಾಗೇ ಇರ್ತಾಳ.

ಗುಲ್ಶನ್